ಗಣಕಯಂತ್ರ ಬದಲಾಗುವಾಗ ಹೆಸರುಗಳ ಗತಿ

ಸ್ಮರಣ ಸಂಚಿಕೆಯೊಂದು ಕೈಗೆ ಬಂದೊಡನೆ ಬಹುಮಂದಿ ಮೊದಲು ತೆರೆಯುವುದು ಛಾಯಾಚಿತ್ರಗಳ ಪುಟವನ್ನು. ಲೇಖನ ಬರೆದವರು ಇದಕ್ಕಾಗಿ ಮುನಿಸಿಕೊಳ್ಳಬೇಕಾಗಿಲ್ಲ. ಊರು ಬಿಟ್ಟು ಬಂದು, ಫೋರ್ಟ್ ಗಿರ್‌ಗಾಂವ್‌ಗಳ ಇಕ್ಕಟ್ಟಾದ ಕೋಣೆಗಳಲ್ಲಿ ಯೌವನವನ್ನು ಕಳೆದು, ಬಳಿಕ ಪಶ್ಚಿಮ ರೈಲ್ವೆಯ ಹಳಿಯನ್ನನುಸರಿಸಿ ದಹಿಸರ್‌ವರೆಗೂ ಬಂದು ನೆಲೆಸಿದ ಕನ್ನಡಿಗರಿಗೆ ತಮ್ಮ ಬಾಳಿನ ಸಾಕ್ಷ್ಯವಾಗಿ ಉಳಿದಿರುವವು ಇಂತಹ ಕೆಲವು ಚಿತ್ರಗಳೇ. ರಾತ್ರಿಶಾಲೆಯ ವಾರ್ಷಿಕೋತ್ಸವ, ಯಕ್ಷಗಾನದ ಚೌಕಿ, ಅರಸಿನ ಕುಂಕುಮ, ನಾಡಹಬ್ಬದ ವೇದಿಕೆ. ಅಡಿಯಲ್ಲಿ ‘ಕುಳಿತವರು, ಎಡದಿಂದ ಬಲಕ್ಕೆ’ ಎಂಬ ಸಾಲು.

ಈ ಸಂಪತ್ತೆಲ್ಲ ಈಗ ಗಣಕಯಂತ್ರದೊಳಗೆ ಸೇರಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ನಿಯತ ಬೆಂಬಲವನ್ನು ನಿಲ್ಲಿಸಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅರ್ಹವಲ್ಲ. ಆದಕಾರಣ ಮನೆಗಳಲ್ಲಿಯೂ ಸಂಘಗಳಲ್ಲಿಯೂ ಹೊಸ ಯಂತ್ರದ ವಿಚಾರ ಎದ್ದಿರುವುದು ಸಹಜವೇ. ವಿಂಡೋಸನ್ನೇ ಮುಂದುವರಿಸುವುದೇ, ಮ್ಯಾಕಿಂಟೋಷಿಗೆ ಹೋಗುವುದೇ, ಅಥವಾ ಲಿನಕ್ಸ್ ಹಾಕಿಸಿ ಬೆಲೆಯಿಲ್ಲದ ಗಿಂಪ್ ತಂತ್ರಾಂಶದಲ್ಲಿ ಚಿತ್ರಗಳನ್ನು ತಿದ್ದುವುದೇ ಎಂಬ ಚರ್ಚೆಗೆ ಸಭೆಯ ಬಹುಪಾಲು ಸಮಯ ಮೀಸಲಾಗುತ್ತದೆ. ಅಷ್ಟು ಸಮಯಕ್ಕೆ ಆ ಚರ್ಚೆ ಯೋಗ್ಯವಲ್ಲ. ನಾಲ್ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಹೊರಬಂದಾಗ ಮ್ಯಾಕಿಂಟೋಷಿನಲ್ಲಿ ಮಾತ್ರ ಓಡುತ್ತಿತ್ತು. 1992ರಲ್ಲಿ ವಿಂಡೋಸಿಗೂ ಬಂದಿತು. ಅಂದಿನಿಂದ ಎರಡರಲ್ಲಿಯೂ ಒಳ್ಳೆಯ ಕೆಲಸ ನಡೆದಿದೆ, ಕೆಟ್ಟದ್ದೂ ನಡೆದಿದೆ. ಗಿಂಪ್ ಮಾತ್ರ ಮುದ್ರಣಾಲಯಕ್ಕೆ ಬೇಕಾದ ನಾಲ್ಕು ಶಾಯಿಗಳ ಬಣ್ಣ ವಿಂಗಡಣೆಯಲ್ಲಿ ದೀರ್ಘಕಾಲ ಹಿಂದುಳಿದಿತ್ತೆಂಬುದನ್ನು ಹೇಳಬೇಕು.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕು, ಗಾಬರಿ ಬೇಡ. 2009ರವರೆಗೆ ಮ್ಯಾಕಿಂಟೋಷಿನ ತೆರೆ ಚಿತ್ರವನ್ನು ತುಸು ಬೆಳ್ಳಗೆ ತೋರಿಸುವಂತೆ ಹೊಂದಿಸಲ್ಪಟ್ಟಿತ್ತು. ಅದರಲ್ಲಿ ತಿದ್ದಿದ ಚಿತ್ರ ವಿಂಡೋಸಿನಲ್ಲಿ ಕಪ್ಪಿಟ್ಟಂತೆ ಕಾಣುತ್ತಿತ್ತು. ಆ ಭೇದ ಈಗ ಇಲ್ಲ. ಆದರೆ ತೆರೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಕಾಗದ ಶಾಯಿಯಿಂದ. ಎರಡೂ ಒಂದೇ ಆಗುವುದು ಸಾಧ್ಯವಿಲ್ಲ. ಸಂಚಿಕೆಯ ಕಾಗದದ ಮೇಲೆಯೇ ಒಂದು ಕರಡುಪ್ರತಿ ತೆಗೆದು ನೋಡುವುದಕ್ಕೆ ಬದಲಿ ಉಪಾಯವಿಲ್ಲ. ಅಂಗುಲಕ್ಕೆ 300 ಚುಕ್ಕೆಗಳಂತೆ 6 ಅಂಗುಲ ಅಗಲ, 4 ಅಂಗುಲ ಎತ್ತರದ ಚಿತ್ರಕ್ಕೆ ಅಗಲದಲ್ಲಿ 1800, ಎತ್ತರದಲ್ಲಿ 1200 ಚುಕ್ಕೆಗಳು ಬೇಕು. ವಾಟ್ಸ್‌ಆಪ್‌ನಲ್ಲಿ ಕುಗ್ಗಿ ಬಂದ ಚಿತ್ರವನ್ನು ಕೊಟ್ಟು ಮುದ್ರಕನನ್ನು ದೂರುವುದು ನ್ಯಾಯವಲ್ಲ.

ನಿಜವಾದ ನಷ್ಟ ಬೇರೊಂದು ಬಾಗಿಲಿನಿಂದ ಪ್ರವೇಶಿಸುತ್ತದೆ. ಗೂಗಲ್ ಸಂಸ್ಥೆಯ ಪಿಕಾಸಾ ಎಂಬ ತಂತ್ರಾಂಶವನ್ನು ಬಳಸಿದವರು ಅದರಲ್ಲಿ ಒಂದೊಂದು ಮುಖಕ್ಕೂ ಹೆಸರು ಬರೆದಿಡಬಹುದಾಗಿತ್ತು. ಬೇರೆಯಾಗಿ ಆಜ್ಞಾಪಿಸದ ಹೊರತು ಆ ಹೆಸರುಗಳು ಚಿತ್ರದೊಳಗೆ ಸೇರದೆ, ಪಕ್ಕದ ಸಣ್ಣ ಕಡತಗಳಲ್ಲಿ ಉಳಿಯುತ್ತಿದ್ದವು. 2016ರಲ್ಲಿ ಪಿಕಾಸಾ ನಿಂತಿತು. ಚಿತ್ರಗಳನ್ನಷ್ಟೇ ಹೊಸ ಯಂತ್ರಕ್ಕೆ ಸಾಗಿಸಿದವರಿಗೆ ಮುಖಗಳು ದೊರೆತವು, ಹೆಸರುಗಳು ದೊರೆಯಲಿಲ್ಲ. ಆಪಲ್ ಸಂಸ್ಥೆಯ ಅಪರ್ಚರ್ ತಂತ್ರಾಂಶವೂ 2019ರ ಮ್ಯಾಕ್ ವ್ಯವಸ್ಥೆಯಿಂದೀಚೆಗೆ ತೆರೆಯದು. ಹಣ ಕೊಟ್ಟು ಕೊಂಡದ್ದು ಉಳಿದೀತೆಂಬ ನಂಬಿಕೆಗೂ ಹೀಗೆ ಆಧಾರವಿಲ್ಲ.

ಕನ್ನಡಿಗರಿಗೆ ಈ ಕಷ್ಟ ಇಮ್ಮಡಿಯಾದುದು. ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳು ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅಂದಿನ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಅಕ್ಷರಗಳು ರೋಮನ್ ಅಕ್ಷರಗಳ ಪೀಠದ ಮೇಲೆ ಕುಳಿತಿದ್ದವು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಹಳೆಯ ಕಡತವನ್ನು ತೆರೆದರೆ ‘ಕುಳಿತವರು, ಎಡದಿಂದ ಬಲಕ್ಕೆ’ ಎಂಬ ಸಾಲಿನ ಸ್ಥಳದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಗೊಂಚಲು ಕಾಣುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಕನ್ನಡಕ್ಕೆ ತನ್ನದೇ ಆದ ಸ್ಥಾನವನ್ನು ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿ ಅದನ್ನು ಸಾಮಾನ್ಯರ ಯಂತ್ರಗಳಿಗೆ ತಂದಿತು. ಹೀಗಿದ್ದರೂ ಮುದ್ರಣದ ಮೇಜುಗಳಲ್ಲಿ ಹಳೆಯ ಪದ್ಧತಿ ಬಹುಕಾಲ ಮುಂದುವರಿಯಿತು. ಪರಿವರ್ತಕ ತಂತ್ರಾಂಶಗಳಿವೆ, ನಿಜ. ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಅವು ಎಡವುವುದೂ ಉಂಟು. ವ್ಯಕ್ತಿಯ ಹೆಸರಿನಲ್ಲಿ ತಪ್ಪು ನುಸುಳಿದರೆ ನಿಘಂಟು ತಿದ್ದಿಕೊಡಲಾರದು. ಆ ವ್ಯಕ್ತಿಯನ್ನು ಬಲ್ಲವರೇ ತಿದ್ದಬೇಕು.

ವೇದಿಕೆಯ ಬದಲಾವಣೆ ಕನ್ನಡ ಮುದ್ರಣಕ್ಕೆ ಹೊಸದೇನೂ ಅಲ್ಲ. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ವು ಮರುವರ್ಷವೇ ಮೊಳೆಯಚ್ಚಿನ ಸೌಕರ್ಯವನ್ನರಸಿ ಬಳ್ಳಾರಿಗೆ ಹೋಯಿತು. ಯಂತ್ರ ಬದಲಾಯಿತು, ಊರು ಬದಲಾಯಿತು. ಕಲ್ಲಚ್ಚಿನ ಪ್ರತಿಗಳನ್ನು ಓದಲು ಮಾತ್ರ ಇಂದಿಗೂ ಕಣ್ಣೊಂದಿದ್ದರೆ ಸಾಕು. ಹಾಗೆಂದು ಕಾಗದವು ಅಮರವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಈ ನಗರದ ನೆಲಮಹಡಿಯ ಮನೆಗಳಲ್ಲಿ ಆಲ್ಬಮ್‌ಗಳ ಪಾಡು ಏನಾಯಿತೆಂಬುದನ್ನು ದಹಿಸರ್ ನದಿಯ ದಡದವರಿಗೆ ವಿವರಿಸಬೇಕಾಗಿಲ್ಲ. ಕಾಗದವೂ ಬೇಕು, ಗಣಕವೂ ಬೇಕು. ಹೆಸರು ಎರಡರಲ್ಲಿಯೂ ಇರಬೇಕು.

ಇದಕ್ಕೆ ದಾರಿಯಿದೆ. ಚಿತ್ರದ ಕಡತದೊಳಗೇ ವಿವರವನ್ನು ಸೇರಿಸಿಡುವ ಎಕ್ಸ್‌ಎಂಪಿ ಎಂಬ ಕ್ರಮವನ್ನು ಅಡೋಬಿ ಸಂಸ್ಥೆ 2001ರಲ್ಲಿಯೇ ರೂಪಿಸಿತು. ಅದರಲ್ಲಿ ಯೂನಿಕೋಡ್ ಕನ್ನಡದಲ್ಲಿ ಹೆಸರು, ಸ್ಥಳ, ವರ್ಷಗಳನ್ನು ಬರೆದರೆ ಚಿತ್ರ ಹೋದೆಡೆಗೆ ವಿವರವೂ ಹೋಗುತ್ತದೆ. ವಾಟ್ಸ್‌ಆಪ್ ಮಾರ್ಗದಲ್ಲಿ ಚಿತ್ರವೆಂದೇ ಕಳುಹಿಸಿದರೆ ವಿವರ ಅಳಿಯುವುದರಿಂದ ಮೂಲಪ್ರತಿಯನ್ನು ಬೇರೆ ತಟ್ಟೆಯಲ್ಲಿ ಇಟ್ಟಿರಬೇಕು. ಈ ಕೆಲಸವನ್ನು ಯಂತ್ರ ಬಲ್ಲ ಒಬ್ಬ ತರುಣನ ಹೆಗಲಿಗೆ ಹೊರಿಸಿ ಸುಮ್ಮನಾಗುವುದು ಸಂಘಗಳ ಸಾಮಾನ್ಯ ದೋಷ. ತರುಣನಿಗೆ ಯಂತ್ರ ಗೊತ್ತು, ಮುಖಗಳು ಗೊತ್ತಿಲ್ಲ. ಎಪ್ಪತ್ತರ ದಶಕದಲ್ಲಿ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತಿದ್ದವರನ್ನು ಹೆಸರಿಡಿದು ಗುರುತಿಸಬಲ್ಲವರಿಗೆ ಈಗ ಎಪ್ಪತ್ತೈದು, ಎಂಬತ್ತು ವರ್ಷ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಮೆಟ್ಟಿಲು ಹತ್ತುವುದು ಕಷ್ಟ.

ಆದುದರಿಂದ ಹಳೆಯ ಯಂತ್ರ ಇನ್ನೂ ತೆರೆಯುತ್ತಿರುವಾಗಲೇ ಭಾನುವಾರದ ಒಂದು ಮಧ್ಯಾಹ್ನ ಅದನ್ನು ಅಂಥ ಹಿರಿಯರೊಬ್ಬರ ಮನೆಗೇ ಒಯ್ಯುವುದು ಲೇಸು. ಅವರು ಹೇಳಿದಂತೆ ತರುಣರು ಬರೆದುಕೊಳ್ಳಲಿ: ಕುಳಿತವರು, ನಿಂತವರು, ಚಿತ್ರ ತೆಗೆಯುವಾಗ ತಲೆ ತಿರುಗಿಸಿದವರು. ಹೊಸ ಯಂತ್ರದಲ್ಲಿ ಆ ಸಾಲುಗಳು ಕನ್ನಡದಲ್ಲಿಯೇ ತೆರೆಯುವುವೆಂದು ನೋಡಿಕೊಂಡ ಮೇಲೆ, ಮುದ್ರಿಸಿದ ಪ್ರತಿಯ ಬೆನ್ನಿನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಅವನ್ನೇ ಮತ್ತೊಮ್ಮೆ ಬರೆಯಬಹುದು. ಹಳೆಯದನ್ನು ಗುಜರಿಗೆ ಹಾಕುವ ಮಾತು ಅನಂತರದ್ದು.