ಹಕ್ಕು ಕಂಠಪಾಠವಲ್ಲ

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ಅಂಗೀಕೃತವಾಯಿತು. ಭಾರತ ಅದಕ್ಕೆ ಸಮ್ಮತಿಯಿತ್ತದ್ದು 1992ರ ಡಿಸೆಂಬರಿನಲ್ಲಿ. ಈ ಹಕ್ಕುಗಳನ್ನು ಮಕ್ಕಳಿಗೂ ತಿಳಿಯಪಡಿಸುವುದು ಸರಕಾರಗಳ ಹೊಣೆಯೆಂದು ಅದರ 42ನೆಯ ವಿಧಿ ಹೇಳುತ್ತದೆ. ನಮ್ಮ ಶಾಲೆಗಳು ಬಹುಮಟ್ಟಿಗೆ ಈ ಹೊಣೆಯನ್ನು ಪೌರನೀತಿಯ ಐದು ಅಂಕದ ಪ್ರಶ್ನೆಯೊಂದಕ್ಕೆ ಒಪ್ಪಿಸಿ ಕೈತೊಳೆದುಕೊಂಡಿವೆ.

ಆಟದ ರೀತಿಯೇ ಬೇರೆ. ಆಹಾರ, ಔಷಧಿ, ಓದು, ಸೈಕಲ್ಲು, ಟೀವಿ, ಆಟದ ಹೊತ್ತು, ‘ನನ್ನ ಮಾತು ಕೇಳುವವರು’ ಎಂದು ಚೀಟಿಗಳಲ್ಲಿ ಬರೆದು ಮಕ್ಕಳ ಗುಂಪಿಗೆ ಕೊಡಿ. ಒಂದೊಂದನ್ನೇ ಬಿಟ್ಟುಕೊಡಬೇಕೆಂದಾಗ ಸೈಕಲ್ಲು ಹೋಗುತ್ತದೆ, ಟೀವಿ ಹೋಗುತ್ತದೆ (ಕೊಂಚ ಗೊಣಗಾಟದ ನಂತರ). ಮುಂದಿನ ಚೀಟಿಗೆ ಕೈ ತಡೆಯುತ್ತದೆ. ಆಸೆಗೂ ಹಕ್ಕಿಗೂ ಇರುವ ಅಂತರ ತಿಳಿಯುವುದು ಅಲ್ಲಿ. ಓದಿಗೆ ರವೀಂದ್ರನಾಥ ಠಾಕೂರರ ಗಿಳಿಯ ಕಥೆಯಿದೆ; ಬಿ.ವಿ. ಕಾರಂತರ ‘ಪಂಜರ ಶಾಲೆ’ಯ ಮೂಲಕ ನಮಗೆ ಪರಿಚಿತವಾದದ್ದು. ಪಂಡಿತರು ಗಿಳಿಗೆ ವಿದ್ಯೆ ಕಲಿಸಲೆಂದು ಹಾಳೆ ತುರುಕುತ್ತಾರೆ, ಗಿಳಿ ಸಾಯುತ್ತದೆ. ‘ಗಿಳಿಯನ್ನು ಯಾರಾದರೂ ಕೇಳಿದರೆ?’ ಎಂದರೆ ಸಾಕು, ಮಗುವಿನ ಅಭಿಪ್ರಾಯವನ್ನು ಮನ್ನಿಸಬೇಕೆನ್ನುವ 12ನೆಯ ವಿಧಿಗೆ ಬೇರೆ ಭಾಷ್ಯ ಬೇಡ.

ತೊಡಕಿರುವುದು ನಮ್ಮಲ್ಲಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೇಜಿನ ಮೇಲೆ ಬೆತ್ತವಿಟ್ಟುಕೊಂಡು ಈ ಆಟ ಆಡಿಸಲಾಗದು. ಆಡಿದ ಮಗು ಮರುದಿನ ಮೇಷ್ಟರನ್ನೂ ತಂದೆತಾಯಿಯನ್ನೂ ಪ್ರಶ್ನಿಸೀತು. ಅದನ್ನು ಉದ್ಧಟತನವೆನ್ನುವವರು ಈ ಪಾಠಕ್ಕೆ ಕೈಹಾಕದಿರುವುದೇ ಲೇಸು. ‘ಮೊದಲು ಕರ್ತವ್ಯ ಕಲಿಸಿ’ ಎನ್ನುವ ಹಿರಿಯರಿದ್ದಾರೆ. ಕಡತಗಳ ನಡುವೆ ಮೂರು ದಶಕ ಕಳೆದ ನಾನು ಕಂಡಂತೆ, ತನ್ನ ಹಕ್ಕನ್ನರಿಯದ ಅರ್ಜಿದಾರ ಕೈಮುಗಿದು ನಿಲ್ಲುತ್ತಾನೆಯೇ ಹೊರತು ಅದರಿಂದ ಕರ್ತವ್ಯನಿಷ್ಠನೇನೂ ಆಗುವುದಿಲ್ಲ.

ಹೊರನಾಡ ಸಂಘಗಳ ಭಾನುವಾರದ ಕನ್ನಡ ತರಗತಿಗಳಿಗೆ ಶಾಲಾ ಪರೀಕ್ಷೆಯ ಕಾಟವಿಲ್ಲ. ಈ ಪ್ರಯೋಗವನ್ನು ಅಲ್ಲಿಯೇ ಆರಂಭಿಸಬಹುದು. ವರ್ಣಮಾಲೆ ಮುಗಿಯಲೆಂದು ಕಾಯಬೇಕಾಗಿಲ್ಲ.