ತ್ರಿಕೋನ ಒಂದೇ ಸಾಕೆನ್ನುವವರಿಗೆ

ಕಾರ್ಖಾನೆಗಳಲ್ಲಿ ಎಂಎಸ್‌ಡಿಎಸ್ ಎಂದೇ ಕರೆಯುವ, ರಾಸಾಯನಿಕಗಳ ಸುರಕ್ಷತಾ ಪತ್ರದಿಂದ ಹೊರದೇಶದ ವಿಷದರ್ಜೆಗಳನ್ನೆಲ್ಲ ಕಿತ್ತುಹಾಕಿ, ನಮ್ಮ ದೇಶದ ದರ್ಜೆಯೊಂದನ್ನೇ ಉಳಿಸಿ ಎನ್ನುವವರಿದ್ದಾರೆ. ಅವರ ವಾದಗಳನ್ನು ಒಂದೊಂದಾಗಿ ನೋಡೋಣ, ತೀರ್ಪು ಓದುಗರದು.

ದೇಶಕ್ಕೊಂದು ದರ್ಜೆ ಇರುವುದರಿಂದ ಗೊಂದಲವಾಗುತ್ತದೆ ಎಂಬುದು ಮೊದಲ ದೂರು. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನೇ ತೆಗೆದುಕೊಳ್ಳಿ. ಅದನ್ನು ತಿನ್ನಿಸಿದ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ, ಅಂದರೆ ಎಲ್‌ಡಿ 50, ಕಿಲೋ ದೇಹತೂಕಕ್ಕೆ ಸುಮಾರು 14 ಮಿಲಿಗ್ರಾಂ. ನಮ್ಮ 1971ರ ಕೀಟನಾಶಕ ನಿಯಮಗಳಲ್ಲಿ 50ರವರೆಗಿನದೆಲ್ಲ 'ಅತ್ಯಂತ ವಿಷಕಾರಿ'. ನಮ್ಮದೇ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಲ್ಲಿ ಆ ಪಟ್ಟ 5ರ ಒಳಗಿನದಕ್ಕೆ ಮಾತ್ರ. 14 ಬಂದು ಕೂರುವುದು ಅದರ ಕೆಳಗಿನ ಮೆಟ್ಟಿಲಲ್ಲಿ. ಎರಡೂ ಹೊರಟದ್ದು ದೆಹಲಿಯಿಂದಲೇ. ಇದರಲ್ಲಿ ವಿದೇಶಿ ಕೈವಾಡ ಎಲ್ಲಿದೆಯೋ ದೂರುದಾರರೇ ಹೇಳಬೇಕು. ಗೆರೆ ಎಳೆದದ್ದು ಕಾನೂನು. ಗೆರೆ ಎಲ್ಲಿಗೆ ಸರಿದರೂ 14 ಎಂಬ ಅಂಕಿ ಹಾಗೇ ಇರುತ್ತದೆ.

ಎರಡನೆಯ ವಾದ: ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿದರೆ ಸಾಕು, ರೈತನಿಗೂ ಅರ್ಥವಾಗುತ್ತದೆ. ಸರಿ, ಪ್ಯಾರಾಕ್ವಾಟ್ ಕಳೆನಾಶಕದ ಡಬ್ಬಿ ನೋಡಿ. ಅದಕ್ಕೆ ಹಳದಿ ತ್ರಿಕೋನ. ತಲೆಬುರುಡೆ, ಅಡ್ಡ ಎಲುಬುಗಳ ಚಿತ್ರ ಕೆಂಪಿಗೆ ಮೀಸಲು, ಹಳದಿಗಿಲ್ಲ. ಆದರೆ ಪ್ಯಾರಾಕ್ವಾಟ್ ಕುಡಿದವರಿಗೆ ಕೊಡಲು ಪ್ರತ್ಯೇಕ ಪ್ರತಿವಿಷವೇ ಇಲ್ಲ. ಅಮೆರಿಕದ ಲೇಬಲ್ಲು ಒಂದೇ ಗುಟುಕು ಕೊಲ್ಲಬಲ್ಲದು ಎಂದು ಎಚ್ಚರಿಸುತ್ತದೆ. ಉಸಿರಿನಲ್ಲಿ ಹೋದರೆ ಮಾರಕ ಎಂದು ಯುರೋಪಿನ ವರ್ಗೀಕರಣ ಹೇಳುತ್ತದೆ. ನಮ್ಮ ತ್ರಿಕೋನ ಅಳೆಯುವುದು ನುಂಗಿದ್ದನ್ನು ಮತ್ತು ಚರ್ಮಕ್ಕೆ ತಗುಲಿದ್ದನ್ನು; ಉಸಿರಿನ ಲೆಕ್ಕ ಅದರಲ್ಲಿಲ್ಲ. ಬೆನ್ನಿಗೆ ಪಂಪು ಹೊತ್ತು ಸಿಂಪಡಿಸುವವನು ಮೂಗು ಮುಚ್ಚಿಕೊಂಡಿರುತ್ತಾನೆಂದು ಈ ವಾದಿಗಳು ನಂಬಿದಂತಿದೆ. ಅಳಿಸಿಹಾಕಿ ಎಂದು ಅವರು ಕೇಳುವುದು ಸರಿಯಾಗಿ ಅಮೆರಿಕ, ಯುರೋಪಿನ ಈ ಸಾಲುಗಳನ್ನೇ.

ಕೆಳದರ್ಜೆ ಎಂದರೆ ನಿರಪಾಯ ಎಂಬ ಮೂರನೆಯ ಮಾತಿಗೆ ಬೆಂಜೀನ್ ಒಂದೇ ಉತ್ತರ. ನುಂಗಿದೊಡನೆ ಕೊಲ್ಲುವ ವಿಷಗಳ ಸಾಲಿನಲ್ಲಿ ಅದಕ್ಕೆ ದೊಡ್ಡ ಸ್ಥಾನವಿಲ್ಲ. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನಿಟ್ಟಿರುವುದು ಮೊದಲ ಗುಂಪಿನಲ್ಲಿ, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಜೊತೆ. ಎಲ್‌ಡಿ 50 ಹೇಳುವುದು ತಕ್ಷಣದ ಸಾವನ್ನು. ಹತ್ತು ವರ್ಷದ ನಂತರದ ರಕ್ತಕ್ಯಾನ್ಸರ್ ಅದರ ಲೆಕ್ಕಕ್ಕೆ ಸಿಗದು.

ಕೊನೆಗೆ ಉಳಿಯುವುದು, ಕಾರ್ಮಿಕರು ಅದನ್ನೆಲ್ಲ ಎಲ್ಲಿ ಓದುತ್ತಾರೆ ಎಂಬ ತಾತ್ಸಾರ. ಆಸ್ಪತ್ರೆಯ ವೈದ್ಯರು ಓದುತ್ತಾರಲ್ಲ! ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿದ 41ಬಿ ಕಲಮು ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಲೇಬೇಕೆಂದಿತು. ಓದುವವರಿದ್ದರೆ ಮಾತ್ರ ಎಂದೇನೂ ಅದರಲ್ಲಿ ಬರೆದಿರಲಿಲ್ಲ.

ಮುಂದಿನ ಬಾರಿ ಸುರಕ್ಷತಾ ಪತ್ರ ಕೈಗೆ ಬಂದಾಗ ನೇರ 11ನೇ ವಿಭಾಗ ತೆರೆಯಿರಿ. ಅಂಕಿ ಎಷ್ಟು, ಯಾವ ಪ್ರಾಣಿಯಲ್ಲಿ, ಬಾಯಿಂದಲೋ ಚರ್ಮದಿಂದಲೋ ಉಸಿರಿನಿಂದಲೋ ಎಂಬುದು ಅಲ್ಲಿರಬೇಕು. ಬರೀ ದರ್ಜೆ ಬರೆದು ಕೈತೊಳೆದುಕೊಂಡಿದ್ದರೆ ಪತ್ರವನ್ನು ಆ ರಾಸಾಯನಿಕ ಮಾರಿದವರಿಗೇ ವಾಪಸು ಕಳಿಸಿ.