ದೊಡ್ಡ ಕಾರ್ಬುರೇಟರ್ ಎಂಬ ದೊಡ್ಡಸ್ತಿಕೆ

ಅಮೆರಿಕದಲ್ಲಿ 1965ರ ಮಸ್ಟಾಂಗ್‌ನ 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್ ಬಿಚ್ಚಿ ಕಟ್ಟುವ ಹಲವರಿಗೆ ಒಂದು ಚಟ: 750 ಸಿಎಫ್‌ಎಂ ಕಾರ್ಬುರೇಟರ್ ಕೂರಿಸೋದು. ಸ್ವಲ್ಪ ಲೆಕ್ಕ ಹಾಕಿ ಸ್ವಾಮಿ! 289ನ್ನು 6000 ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ ಬರೋದು ಸುಮಾರು 502. ಸಿಲಿಂಡರ್‌ಗಳು ಪೂರ್ತಿ ತುಂಬಿದರೂ ನಿಮಿಷಕ್ಕೆ ಬೇಕಾದ ಗಾಳಿ ಅಷ್ಟೇ ಘನ ಅಡಿ.

ಬಾಯಿ ಅಗಲವಾದಷ್ಟೂ ಗಾಳಿಯ ವೇಗ ಕುಗ್ಗುತ್ತೆ, ಪೆಟ್ರೋಲ್ ಸರಿಯಾಗಿ ಬೆರೆಯಲ್ಲ. ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಗ್ಗರಿಸುತ್ತೆ. ಅದನ್ನು ಮುಚ್ಚಲು ಜೆಟ್ ದೊಡ್ಡದು ಮಾಡ್ತಾರೆ; ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಹೊಸ ರಿಂಗುಗಳನ್ನೇ ಸವೆಸುತ್ತೆ. ಆಮೇಲೆ "ಹಳೇ ಎಂಜಿನ್ನೇ ಹಿಂಗೆ" ಅಂತ ದೂರು ಬೇರೆ!

ಎಂಜಿನ್‌ದಲ್ಲ ತಪ್ಪು, ನಿಮ್ಮ ಹಮ್ಮಿನದು. ಬಾನೆಟ್ ಎತ್ತಿ ತೋರಿಸೋಕೆ 750 ಬೇಕೇನೋ. ಓಡಿಸೋಕೆ 500 ಸಾಕು.